ರಾಕ್ಷಸನ ಸೇತುವೆ ಮತ್ತು ನಮ್ಮವ್ವನ ಹೂಂ

ವಿಡಿಯೊ ಗೇಮು ದಾಟಿಸುವ ವಿದ್ಯೆಯಲ್ಲಿ ದೊಡವಾಡದಿಂದ ಸವದತ್ತಿಯ ತನಕ ನನ್ನನ್ನು ಮೀರಿಸುವವರು ಹುಟ್ಟಿಲ್ಲ ಎಂದು ನಾನೇ ಘೋಷಿಸಿಕೊಂಡು ಒಂದು ವರ್ಷವಾಗಿತ್ತು. ಯಾವ ಗೋಡೆ ಹತ್ತಬೇಕು, ಯಾವ ಬಾಗಿಲಿನ ಕೀಲಿ ಎಲ್ಲಿದೆ ಎಂದು ಆಡಿ ತೋರಿಸುತ್ತ ವಿಡಿಯೊ ಮಾಡುತ್ತಿದ್ದೆ. ನೋಡುವವರು ಹದಿನಾಲ್ಕು ಜನ. ಅವರಲ್ಲಿಬ್ಬರು ನನ್ನ ಷಡ್ಡಕರು. ಕೊರತೆ ಇರುವುದು ಹೇಳುವ ಧಾಟಿಯಲ್ಲಿ ಎಂದು ಪತ್ತೆಹಚ್ಚಿ, ಯುಗಾದಿಯೊಳಗೆ ಕನ್ನಡ ನಾಡೇ ತಲೆದೂಗುವ ಧಾಟಿಯೊಂದನ್ನು ಹುಡುಕಿಯೇ ಸಿದ್ಧ ಎಂದು ಪಣ ತೊಟ್ಟೆ.

ಮೊದಲು ಕ್ರಿಕೆಟ್ ಕಾಮೆಂಟರಿಯಂತೆ ಅರಚಿದೆ. ಹೆಂಡತಿ ಮಂಜುಳಾ ಅಡುಗೆಮನೆಯಿಂದ ಇಣುಕಿದಳು.

"ಏನ್ರಿ, ಸಂತ್ಯಾಗ ಉಳ್ಳಾಗಡ್ಡಿ ಮಾರಾಕ ಹತ್ತೀರೇನು?"

ವಾರ್ತೆ ಓದುವವರಂತೆ ಗಂಭೀರವಾದೆ.

"ಈಗ ಯಾರು ಸತ್ರು?" ಮತ್ತೆ ಇಣುಕಿದಳು.

ಮೂಲೆಯ ಹಾಸಿಗೆಯಲ್ಲಿ ಅವ್ವ ನಕ್ಕಳು. ನಗುವಿನ ಬೆನ್ನಿಗೇ ಕೆಮ್ಮು. ಒಂದು ಕಾಲಕ್ಕೆ ಓಣಿಯ ಮಕ್ಕಳನ್ನೆಲ್ಲ ಕೂಡಿಸಿ ಕತೆ ಹೇಳುತ್ತಿದ್ದವಳು ನಮ್ಮವ್ವ ಶಟ್ಟೆವ್ವ. ಹೃದಯ ದುರ್ಬಲವಾಗಿ ಮೂರು ತಿಂಗಳಿಂದ ಮಲಗಿದ್ದಳು. "ಕರದಾಗ ಓ ಅನ್ನದಿದ್ರ ತಡಾ ಮಾಡಬ್ಯಾಡ್ರಿ" ಎಂದು ಡಾಕ್ಟರು ಎಚ್ಚರಿಸಿದ್ದರು.

"ಮಾಂತ್ಯಾ, ಕತಿ ಹೇಳಿದಂಗ ಹೇಳೋ," ಅಂದಳು. "ನಾ ಹೂಂ ಅಂತೇನಿ."

ನಮ್ಮ ಕಡೆ ಹೂಂ ಅನ್ನುವವರಿಲ್ಲದೆ ಕತೆ ಹೊರಡುವುದಿಲ್ಲ.

"ಒಂದೂರಾಗ ಒಬ್ಬ ಕತ್ತಿ ಹಿಡದಾಂವ ಇದ್ದ."

"ಹೂಂ."

"ಅವಗ ಬ್ರಿಜ್ ದಾಟೂದಿತ್ತು."

"ಹೂಂ."

ಧಾಟಿ ಸಿಕ್ಕಿತು. ಒಂದೇ ವಾರದಲ್ಲಿ ನೋಡುವವರು ಒಂಬೈನೂರಾದರು. ಅವ್ವ ಹೇಗಿದ್ದಾಳೆ ಎಂದು ಬೇರೆ ವಿಚಾರಿಸುವ ತಾಪತ್ರಯವೂ ತಪ್ಪಿತು. ಒಂದು ಹೂಂಗೆ ಎರಡು ಕೆಲಸ.

ಆ ಭಾನುವಾರ ಮಧ್ಯಾಹ್ನ ನೇರ ಪ್ರಸಾರ ಇಟ್ಟಿದ್ದೆ. ಸೇತುವೆಯ ಮೇಲೆ ರಾಕ್ಷಸ. ಮೂರು ದಿನದಿಂದ ನನ್ನ ವೀರನನ್ನು ಕೊಲ್ಲುತ್ತಲೇ ಇದ್ದವನು. ಮಂಜುಳಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಪರದೆಗೆ ಮುಖ, ಅವ್ವನಿಗೆ ಬೆನ್ನು ಮಾಡಿ ಕೂತು, ಮೈಮೇಲೆ ದೇವರು ಬಂದವನಂತೆ ಹೇಳುತ್ತಿದ್ದೆ. ಅಭ್ಯಾಸದ ಬಲದಿಂದ, ಬಾರದ ಹೂಂ ಕೂಡ ನನಗೆ ಕೇಳಿಸುತ್ತಿತ್ತು.

ಪಕ್ಕದಲ್ಲಿಟ್ಟ ಮೊಬೈಲಿಗೆ ಉಗರಗೋಳದ ರೇಣು ಎಂಬಾಕೆ ಬರೆದಳು: "ಅಣ್ಣಾರ, ಅಜ್ಜಿ ಹೂಂ ಅನವಲ್ರು." ಮತ್ತೆ ಬರೆದಳು: "ಹಿಂದ ತಿರುಗಿ ನೋಡ್ರಿ."

"ತಡೀರಿ ತಂಗಿ," ಎಂದೆ. "ಕತಿ ಅರ್ಧಕ್ಕ ಬಿಟ್ಟರ ದಾರಿಹೋಕರು ದಾರಿ ತಪ್ಪತಾರಂತ ನಮ್ಮವ್ವನೇ ಹೇಳ್ಯಾಳ."

ರಾಕ್ಷಸ ಬಿದ್ದ. ಎರಡೂ ಕೈ ಮೇಲೆತ್ತಿದೆ. ಬಕೆಟ್ ಹಿಡಿದು ಒಳಬಂದ ಮಂಜುಳಾ ಚೀರಿದಳು. ಅವ್ವನ ತುಟಿ ನೀಲಿಗಟ್ಟಿತ್ತು.

ಎದುರುಮನೆಯ ಕಲ್ಮೇಶನ ಟಂಟಂ ರಿಕ್ಷಾದಲ್ಲಿ ಬೈಲಹೊಂಗಲದ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ "ಅವ್ವಾ, ಅವ್ವಾ" ಎಂದು ಕರೆದೆ. ಅವಳನ್ನು ಒಳಗೆ ಒಯ್ದ ಡಾಕ್ಟರು ಕೇಳಿದರು:

"ಮಾತು ನಿಂತು ಎಷ್ಟೊತ್ತಾತು?"

ಮಂಜುಳಾ ನನ್ನತ್ತ ನೋಡಿದಳು.

"ಹೇಳ್ರಿ. ಎಲ್ಲಾ ವಿಡಿಯೋದಾಗ ಐತೆಲ್ಲ."

ಮೊಬೈಲು ತೆಗೆದು ವಿಡಿಯೊ ಹಚ್ಚಿದೆ. ಕೊನೆಯ ಹೂಂನಿಂದ ಮಂಜುಳಾಳ ಚೀರಾಟದ ತನಕ ಹನ್ನೊಂದು ನಿಮಿಷ. ಅಷ್ಟೂ ಹೊತ್ತು, "ಎಡಕ್ಕ ಜಿಗೀರಿ, ಬಲಕ್ಕ ಜಿಗೀರಿ, ಜೀವಾ ಉಳಿಸಿಕೊಳ್ಳಾಕ ಇದೊಂದ ದಾರಿ" ಎಂದು ಲೋಕಕ್ಕೆ ಬೋಧಿಸುತ್ತಿದ್ದೆ. ಡಾಕ್ಟರು ಕಿವಿಗೊಟ್ಟು ಕೇಳಿದರು. ನರ್ಸೂ ಕೇಳಿದಳು. ನನ್ನ ಮಾತನ್ನು ಅಷ್ಟು ಗಮನವಿಟ್ಟು ಯಾರೂ ಯಾವತ್ತೂ ಕೇಳಿರಲಿಲ್ಲ.

ಮೂರನೆಯ ದಿನ ಅವ್ವ ಕಣ್ಣು ತೆರೆದಳು. ಮೂಗಿಗೆ ನಳಿಕೆ, ಕೈಗೆ ಸೂಜಿ. ಮಂಜುಳಾ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ನಾನು ಕಾಲ ದೆಸೆಯಲ್ಲಿ ನಿಂತಿದ್ದೆ.

"ಅವ್ವಾ, ಇನ್ನ ಕತಿ ಹೇಳೂದ ಬಿಟ್ಟೆ," ಎಂದೆ.

"ಬಿಡೂದ್ಯಾಕ?" ಅವಳ ದನಿ ನೂಲಿನೆಳೆಯಷ್ಟಿತ್ತು. "ನೀ ಗುಂಡಿ ಒತ್ತು. ಕತಿ ಮಂಜುಳಾ ಹೇಳಲಿ. ಆಕಿ ಕೇಳಾವರ ಮಾರಿ ನೋಡಿ ಹೇಳತಾಳ."