ಅತ್ತೆ ಮೆಚ್ಚಿದ ಮೆಮೊರಿ

ಲೋವೆಲ್‌ನ ಗ್ರಹಚಾರ ಕೆಟ್ಟದ್ದು ಕಂಪ್ಯೂಟರಿನ ತೆರೆಯ ಮೇಲೆ ಮೂಡಿದ ಒಂದು ಸಾಲಿನಿಂದ: 'ಮೆಮೊರಿ ಸಾಲದು.'

ಅಂದು ಅವನ ಅತ್ತೆ ಹಲ್ಡಾರ ಎಂಬತ್ತನೆಯ ಹುಟ್ಟುಹಬ್ಬ. ಟೊಲೀಡೋ ನಗರದ ಅವನ ಪುಟ್ಟ ಮನೆಯಲ್ಲಿ ಊಟದ ಮೇಜನ್ನು ಕಂಪ್ಯೂಟರ್ ಎಂದೋ ಆಕ್ರಮಿಸಿತ್ತು. ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಕೇಕ್ ಮತ್ತು ಅಮ್ಮ ಇಬ್ಬರನ್ನೂ ಕರೆತರಲು ಹೊರಟ ಹೆಂಡತಿ ವರ್ನಾ ಖಡಾಖಂಡಿತವಾಗಿ ಹೇಳಿದಳು: "ನಾವು ಬರೋ ಹೊತ್ತಿಗೆ ಈ ಗೋಡೆ ಉದ್ದಕ್ಕೂ ಶುಭಾಶಯದ ಬ್ಯಾನರ್ ಪಟ್ಟಿ ಪ್ರಿಂಟ್ ಆಗಿರ್ಬೇಕು. ಪ್ರಿಂಟ್ ಆದ್ರೆ ನಿನ್ನ ಈ ಕಂಪ್ಯೂಟರ್ ಡಬ್ಬ ಇಲ್ಲೇ ಇರ್ಲಿ. ಇಲ್ದಿದ್ರೆ ಮನೆಯಿಂದ ಆಚೆಗೆ!"

ಆದರೆ ಪಟ್ಟಿ ಬರೆಯುವ ಪ್ರೋಗ್ರಾಮ್ ಮುಷ್ಕರ ಹೂಡಿತು. ಆಗಿನ ಕಂಪ್ಯೂಟರಿನಲ್ಲಿ ಪ್ರೋಗ್ರಾಮುಗಳಿಗೆಲ್ಲ ಸೇರಿ ಇದ್ದದ್ದೇ ಆರುನೂರ ನಲವತ್ತು ಕಿಲೋಬೈಟ್ ಮೆಮೊರಿ; ಉಳಿದವು ಜಾಗ ಬಿಟ್ಟರಷ್ಟೇ ಇದು ಓಡುತ್ತಿತ್ತು. ಇದಕ್ಕೆ ಮದ್ದು ಕಳೆದ ತಿಂಗಳ ಕಂಪ್ಯೂಟರ್ ಪತ್ರಿಕೆಯಲ್ಲಿತ್ತು. ತೆರೆದರೆ, ಸಲಹೆಗಳ ಪುಟದಲ್ಲಿ ಚೌಕಾಕಾರದ ತೂತು! ಅತ್ತೆಯ ಕತ್ತರಿಯ ಕೆಲಸ. ಬಂದಾಗಲೆಲ್ಲ ಪತ್ರಿಕೆಗಳಿಂದ ಸೋಪು, ಕಾಫಿಯ ರಿಯಾಯಿತಿ ಚೀಟಿ ಕತ್ತರಿಸಿಕೊಳ್ಳುವುದು ಅವರ ಅಭ್ಯಾಸ. ಹಿಂಬದಿಯಲ್ಲಿ ಏನಿದೆಯೆಂದು ನೋಡಬಾರದೆ? ಲೋವೆಲ್‌ನನ್ನು ಅವರು ಹೆಸರು ಹಿಡಿದು ಕರೆದದ್ದೂ ಇಲ್ಲ. ಅವರ ಪಾಲಿಗೆ ಅವನು ಬರೀ 'ವರ್ನಾಳ ಗಂಡ'.

ಅವನು ಕಂಪ್ಯೂಟರ್ ಕ್ಲಬ್ಬಿನ ಡ್ವೈಟ್‌ಗೆ ಫೋನ್ ಮಾಡಿದ. ಡ್ವೈಟ್‌ನ ಬೆನ್ನಿಗೇ ಓರಿನ್ ಕೂಡ ಬಂದಿಳಿದ. ಆ ಇಬ್ಬರು ಒಂದು ಮಾತಿಗಾದರೂ ಒಪ್ಪಿದ್ದನ್ನು ಕ್ಲಬ್ಬಿನಲ್ಲಿ ಯಾರೂ ಕಂಡಿರಲಿಲ್ಲ.

"ಮೌಸ್ ಪ್ರೋಗ್ರಾಮ್ ಇಟ್ಕೊಂಡಿದ್ದೀಯಾ? ನಿಂಗೇನು ಬೆರಳಿಲ್ವಾ?" ಡ್ವೈಟ್ ಅದನ್ನು ಅಳಿಸಿದ.

"ಅದ್ರಿಂದ ಏನು ಮಹಾ ಉಳಿಯುತ್ತೆ ಕಣಯ್ಯ? ಸದ್ದು ಮಾಡೋ ಪ್ರೋಗ್ರಾಮನ್ನ ಕಿತ್ತುಹಾಕು!" ಓರಿನ್ ಅದನ್ನು ಕಿತ್ತುಹಾಕಿದ. "ಈಗ ಎಷ್ಟು ಮೆಮೊರಿ ಬಿಡುವಾಯ್ತು?"

"ಆರುನೂರ ಹತ್ತು ಕಿಲೋಬೈಟ್," ಡ್ವೈಟ್ ತೆರೆ ನೋಡಿ ಹೇಳಿದ.

"ಇಷ್ಟು ಸಾಕ್ರಪ್ಪ, ಪ್ರಿಂಟ್ ಮಾಡ್ಕೋತೀನಿ," ಎಂದ ಲೋವೆಲ್.

"ಸಾಕಾ?" ಇಬ್ಬರೂ ಮೊದಲ ಸಲ ಒಂದೇ ದನಿಯಲ್ಲಿ ಕೂಗಿದರು. ಮದುವೆಯೂಟದಲ್ಲಿ ಪಾಯಸಕ್ಕೆ ಮುಂಚೆ ಎದ್ದವನನ್ನು ನೋಡುವಂತೆ ಅವನನ್ನು ನೋಡಿದರು.

ಲೋವೆಲ್‌ಗೂ ಹುಚ್ಚು ಹತ್ತಿತು. ಒಂದೊಂದೇ ಪ್ರೋಗ್ರಾಮ್ ಅಳಿಸುವುದು, ಕಂಪ್ಯೂಟರ್ ಆರಿಸಿ ಮತ್ತೆ ಹಾಕುವುದು, ಅಂಕಿ ನೋಡುವುದು. ಕೊನೆಗೆ, "ಇದ್ಯಾವ್ದೋ ಗುರುತಿಲ್ಲದ್ದು, ಇದೂ ಹೋಗ್ಲಿ," ಎಂದು ತಾನೇ ಒಂದನ್ನು ಅಳಿಸಿದ. ಆರುನೂರ ಮೂವತ್ನಾಲ್ಕು! ಮೂವರೂ ಕೇಕೆ ಹಾಕಿ ಕುಣಿದರು. ನಡುವಯಸ್ಸಿನ ಮೂರು ಹೊಟ್ಟೆಗಳು ಒಂದಕ್ಕೊಂದು ಡಿಕ್ಕಿ ಹೊಡೆದವು.

"ಈಗ ಕೊಡು ಪ್ರಿಂಟು!" ಎಂದ ಡ್ವೈಟ್.

ಪ್ರಿಂಟರ್ ಉಸಿರೆತ್ತಲಿಲ್ಲ. ಲೋವೆಲ್ ಅಳಿಸಿದ್ದು ಅದರ ಪ್ರೋಗ್ರಾಮನ್ನೇ.

"ಅದ್ರ ನಕಲು ಇಟ್ಕೊಂಡಿದ್ದೀಯಲ್ಲ?" ಡ್ವೈಟ್ ಕೇಳಿದ.

"ನೀವಿಟ್ಕೊಂಡಿರ್ತೀರಿ ಅಂದ್ಕೊಂಡೆ!" ಎಂದ ಲೋವೆಲ್. ಹೊರಗೆ ಕಾರಿನ ಬಾಗಿಲು ಬಡಿಯಿತು.

ಕೇಕ್ ಹಿಡಿದು ಒಳಬಂದ ವರ್ನಾ ಬರಿಗೋಡೆಯನ್ನು ನೋಡಿದಳು. "ಪಟ್ಟಿ ಎಲ್ಲಿ?"

ಹಲ್ಡಾ ಗೋಡೆಯತ್ತ ತಿರುಗಲೇ ಇಲ್ಲ. ಕನ್ನಡಕ ಏರಿಸಿ ತೆರೆಯ ಮೇಲೆ ಬಾಗಿದರು. "ಆರುನೂರ ಮೂವತ್ನಾಲ್ಕಾ! ವೃದ್ಧರ ಕೇಂದ್ರದ ಕಂಪ್ಯೂಟರಲ್ಲಿ ನಾನೆಷ್ಟು ಒದ್ದಾಡಿದ್ರೂ ಆರುನೂರ ಇಪ್ಪತ್ತು ದಾಟಿಲ್ಲ!" ಅವರು ಕೈಚೀಲ ತೆರೆದು ಸುರಿದರು. ಅದರಲ್ಲಿ ಸೋಪಿನ ಚೀಟಿಯೂ ಇರಲಿಲ್ಲ, ಕಾಫಿಯದೂ ಇರಲಿಲ್ಲ. ಎಲ್ಲವೂ ಮೆಮೊರಿ ಉಳಿಸುವ ಸಲಹೆಗಳ ತುಣುಕುಗಳು. ಅವರು ತೆರೆಯ ಮೇಲೆ ಉಳಿದಿದ್ದ ಪ್ರೋಗ್ರಾಮುಗಳ ಹೆಸರಿನ ಮೇಲೆ ಬೆರಳಾಡಿಸಿದರು. "ಪ್ರಿಂಟರ್ ಪ್ರೋಗ್ರಾಮನ್ನೂ ಕಿತ್ತು ಬಿಸಾಕಿದ್ಯಾ? ನಂಗೆ ಆ ಧೈರ್ಯ ಬರ್ಲಿಲ್ಲ ನೋಡು, ಲೋವೆಲ್!"

ಲೋವೆಲ್! ಅವನ ಎದೆ ಹಬೆ ತುಂಬಿದ ಕುಕ್ಕರಿನಂತಾಯಿತು. "ಎಲ್ಲಾ ನಿಮಗೋಸ್ಕರಾನೇ ಅತ್ತೆ!" ಎಂದುಬಿಟ್ಟ.

"ನಂಗೋಸ್ಕರಾನಾ?" ಹಲ್ಡಾರ ಕಣ್ಣು ತುಂಬಿತು.

"ಹೌದಮ್ಮ, ನಿನ್ನ ಹುಟ್ಟುಹಬ್ಬದ ಉಡುಗೊರೆ," ಎನ್ನುತ್ತ ವರ್ನಾ ಸರಕ್ಕನೆ ಕಂಪ್ಯೂಟರಿನ ತಂತಿ ಕಿತ್ತಳು.

ಡ್ವೈಟ್ ಮತ್ತು ಓರಿನ್ ಕಂಪ್ಯೂಟರನ್ನು ಮದುಮಗಳಂತೆ ಹೊತ್ತು ಕಾರಿಗೇರಿಸಿದರು. "ಇದೆಲ್ಲ ನನ್ನ ಅಳಿಯ ಲೋವೆಲ್‌ದೇ ಕೈಚಳಕ!" ಎಂದು ಹಲ್ಡಾ ಬೀದಿಗೆಲ್ಲ ಸಾರಿದರು. ಕಿಟಕಿಗಳಿಂದ ಚಪ್ಪಾಳೆ ಬಂತು. ಲೋವೆಲ್ ಕೈಬೀಸಿದ.

ಅಂದು ಎಲ್ಲರೂ ಮೇಜಿನ ಮೇಲೆ ತಟ್ಟೆಯಿಟ್ಟು ಕೇಕ್ ತಿಂದರು. ಲೋವೆಲ್‌ನ ತಟ್ಟೆಯ ಪಕ್ಕದಲ್ಲಿ ಪ್ರಿಂಟರ್ ಕೂತಿತ್ತು. "ಅದು ನಂಗೆ ಬೇಡಪ್ಪ, ಮೆಮೊರಿ ತಿನ್ನುತ್ತೆ," ಎಂದು ಅತ್ತೆ ಅದನ್ನು ಅವನಿಗೇ ಬಿಟ್ಟಿದ್ದರು.