ಮಂಜೂರಾದ ಗಡ್ಡೆ

ಮಂಜೂರಾದ ಗಡ್ಡೆಯು ಮಂಜೂರಾದ ಅಳತೆಯಲ್ಲೇ ಇರತಕ್ಕದ್ದು ಎಂಬುದು ಶಸ್ತ್ರಚಿಕಿತ್ಸಾ ಅನುಮೋದನೆ ಕಚೇರಿಯ ಏಳನೇ ನಿಯಮ. ಅದನ್ನು ಮೊಟ್ಟಮೊದಲು ಮುರಿದದ್ದು ನಮ್ಮ ದರ್ಜಿಯ ಬೆನ್ನು.

ಅವನಿಗೆ ಬಂದದ್ದು ಚರ್ಮದ ಕ್ಯಾನ್ಸರ್, ಅದರಲ್ಲೂ ಕಿತ್ತೆಸೆದರೂ ಮತ್ತೆ ತಲೆಯೆತ್ತುವ ಜಾತಿಯದು. ಡಾಕ್ಟರು ಜಾಣರು. ಕತ್ತರಿ ಹಾಕುವ ಮೊದಲೇ ಮೂರು ಸಲ ಇಮ್ಯುನೊಥೆರಪಿ ಡ್ರಿಪ್ ಏರಿಸಿ, ಮೈಯೊಳಗಿನ ಕಾವಲು ಪಡೆಯನ್ನೇ ಗಡ್ಡೆಯ ಮೇಲೆ ಛೂ ಬಿಟ್ಟರು. ನಾಲ್ಕು ಸೆಂಟಿಮೀಟರಿನ ಗಡ್ಡೆ ಅಕ್ಕಿಕಾಳಿನಷ್ಟಾಯಿತು. ಉಳಿದದ್ದನ್ನು ಕತ್ತರಿಸಿ, ಆಮೇಲೆ ವರ್ಷವಿಡೀ ಅದೇ ಮದ್ದು ಕೊಡಬೇಕು. ಕತ್ತರಿಸದೆ ಮುಂದಿನ ಮದ್ದಿಗೆ ಅನುಮೋದನೆ ಇಲ್ಲ.

ಅಳತೆ ಅಧಿಕಾರಿ ಕನ್ನಡಕ ಏರಿಸಿ, ನಾಲ್ಕು ಸೆಂಟಿಮೀಟರ್ ಮಂಜೂರಾಗಿದ್ದ ಕಡತ ನೋಡಿದರು, ಬೆನ್ನು ನೋಡಿದರು.

“ಮಿಕ್ಕ ಗಡ್ಡೆ ಎಲ್ಲಿ?”

“ಕರಗೋಯ್ತು ಸಾರ್.”

“ಯಾರ ಅಪ್ಪಣೆ ಮೇಲೆ? ಮದ್ದು ನಿಲ್ಲಿಸಿ. ಮೊದಲಿನ ಅಳತೆಗೆ ಬೆಳೆದ ಮೇಲೆ ಬನ್ನಿ. ನಾವೇನು ಬೇಡ ಅಂತೀವಾ?”

ದರ್ಜಿಯ ಹೆಂಡತಿ ಮುಂದೆ ಬಂದಳು. “ಅಣ್ಣಾ, ಅದು ಬೆಳೆಯೋ ಹೊತ್ತಿಗೆ ಇವರು ಇರಬೇಕಲ್ಲ?”

“ಅದು ಬೇರೆ ವಿಭಾಗ, ತಾಯಿ.”

ದರ್ಜಿ ಮೂರು ದಿನ ಮಿಷನ್ ತುಳಿಯಲಿಲ್ಲ. “ಊರಿಗೆಲ್ಲ ಅಳತೆ ತಗೊಂಡೋರು, ಆ ಕನ್ನಡಕದವನ ಅಳತೆಗೆ ಸೋತ್ರಾ?” ಎಂದು ಹೆಂಡತಿ ಕುಟುಕಿದಳು. ನಾಟಿತು. ಕರವಸ್ತ್ರದಷ್ಟು ಬಟ್ಟೆಯಲ್ಲಿ ಅಂಗಿ ಹೊಲಿದು ಒಪ್ಪಿಸಿದ ಕೈ ಅದು. ಒಂದು ಟೇಪು ಯಾವ ಲೆಕ್ಕ? ಬಿಳಿ ಪಟ್ಟಿಯ ಮೇಲೆ ಗೆರೆಗಳನ್ನು ಒತ್ತೊತ್ತಾಗಿ ಎಳೆದ. ಅಕ್ಕಿಕಾಳಿನ ಉದ್ದಕ್ಕೆ ಸರಿಯಾಗಿ ನಾಲ್ಕು ಸೆಂಟಿಮೀಟರ್.

ಎಂಟನೇ ನಿಯಮದ ಪ್ರಕಾರ ಟೇಪನ್ನು ಅರ್ಜಿದಾರನೇ ತರತಕ್ಕದ್ದು. ಅಧಿಕಾರಿ ಅದನ್ನು ಬೆನ್ನಿಗೆ ಹಿಡಿದರು.

“ನಾಲ್ಕು. ಇದನ್ನ ಅವತ್ತೇ ತೋರಿಸೋಕೇನಾಗಿತ್ತು?” ಎಂದು ಮುದ್ರೆ ಒತ್ತಿದರು.

ಆಪರೇಷನ್ ಆಯಿತು, ಮುಂದಿನ ಮದ್ದೂ ಶುರುವಾಯಿತು. ಟೇಪು ಮಾತ್ರ ವಾಪಸ್ ಬರಲಿಲ್ಲ. ಕಚೇರಿಯ ಗೋಡೆಗೆ ಪ್ರಕಟಣೆ ಬಂತು: “ಕಡತಕ್ಕೂ ದೇಹಕ್ಕೂ ಹೊಂದಿಕೆ ತಂದ ಏಕೈಕ ಟೇಪು ಇದಾಗಿರುವುದರಿಂದ, ಇನ್ನು ಮುಂದೆ ಸಕಲ ಅಳತೆಗಳಿಗೂ ಇದನ್ನೇ ಬಳಸತಕ್ಕದ್ದು.”

ಅಧಿಕಾರಿಗೆ ಬಡ್ತಿ ಸಿಕ್ಕಿತು. ಕೋಟು ಹೊಲಿಯಲು ದರ್ಜಿಗೇ ಹೇಳಿಕಳಿಸಿದರು. ಎದೆ ನೂರು ಸೆಂಟಿಮೀಟರ್ ಎಂದು ಕಡತದಲ್ಲಿತ್ತು. ಅದೇ ಟೇಪು ಮೇಜಿನ ಮೇಲಿತ್ತು. ದರ್ಜಿ ನಿಯಮದಂತೆ ಹೊಲಿದ.

ಸಮಾರಂಭಕ್ಕೆ ಅಧಿಕಾರಿ ಅಂಗೈಯಗಲದ ಕೋಟನ್ನು ಎದೆಗೆ ಪಿನ್ನು ಚುಚ್ಚಿಕೊಂಡು ಬಂದರು.

“ಹೇಗಿದೆ?”

“ಭುಜದ ಹತ್ತಿರ ಸ್ವಲ್ಪ ಸಡಿಲ ಸಾರ್,” ಎಂದರು ಸಿಬ್ಬಂದಿ.

ಆ ಬೆಳಗ್ಗೆಯ ಡ್ರಿಪ್ಪಿನ ಹತ್ತಿ ಇನ್ನೂ ಅಂಟಿದ್ದ ಕೈಯಿಂದ ದರ್ಜಿ ಆ ಟೇಪನ್ನೇ ಹಿಡಿದು ನೋಡಿದ.

“ಹೌದು ಸಾರ್. ಒಂದು ಸೆಂಟಿಮೀಟರ್ ಹಿಡಿದು ಕೊಡ್ತೀನಿ.”