ಬೇಸ್ ಇಲ್ಲ ಅಂದದ್ದಕ್ಕೆ

ಆ ಸೋಮವಾರ ಮರಾಠಿ ಸೀಮೆಯ ಉಮರ್ಗಾದ ನಮ್ಮ ಓಣಿಯಲ್ಲಿ ಭೂಕಂಪ ಆಗಲಿಲ್ಲ. ನನ್ನ ಮೈದುನ ಡಬ್‌ಸ್ಟೆಪ್ ಮಾಡಿದ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಜನ ಸೇರಿಸಿದ್ದು.

ಅರವತ್ತು ದಾಟಿದ ಬಟ್ಟೆ ವ್ಯಾಪಾರಿ ಅವನು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕಿವಿಯ ಮೇಲೆ ಹೆಡ್‌ಫೋನು. ಅಂಗಡಿ ಮಗನಿಗೆ ಬಿಟ್ಟುಕೊಟ್ಟ ಮೇಲೆ ಗಂಡಸರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಸೊಸೆಯ ಅಡುಗೆಗೆ ಹೆಸರಿಡುತ್ತಾರೆ. ಇವನು ಲ್ಯಾಪ್‌ಟಾಪಿನ ಮುಂದೆ ಕೂತು ಗುಡುಗು ತಯಾರಿಸುವುದನ್ನು ಕಲಿಯತೊಡಗಿದ. ಹಾಡು ಅನ್ನೋಣವೇ? ಮಾತಿಲ್ಲ, ರಾಗವಿಲ್ಲ. ಹಿಟ್ಟಿನ ಗಿರಣಿಯ ಪಟ್ಟಾ ಹರಿದಾಗ ಬರುವ ಸಪ್ಪಳಕ್ಕೆ ತಾಳ ಹಾಕಿದರೆ ಅದೇ ಡಬ್‌ಸ್ಟೆಪ್.

ಕಾರಣ ಅವನ ಹೆಂಡತಿ, ನನ್ನ ನೆಗೆಣ್ಣಿ. ಆಕೆಗೆ ಕಿವಿ ಹೋಗಿದೆ. ಮೊದಲು ಮಠದ ಸೋಮವಾರದ ಭಜನೆಯಲ್ಲಿ ತಾಳ ಹಿಡಿಯುತ್ತಿದ್ದವಳೇ ಆಕೆ. ಒಂದು ಸಲ ತಾಳ ತಪ್ಪಿತು, ಯಾರೋ ನಕ್ಕರು. ಅಂದಿನಿಂದ ಮಠದ ಮೆಟ್ಟಿಲು ಹತ್ತಿಲ್ಲ, ಮನೆಯಲ್ಲೂ ಮಾತು ಕಡಿಮೆ. ಕಿವಿಯ ಮಷಿನ್ ಸೀಟಿ ಹೊಡೆಯುತ್ತದೆಂದು ಡಬ್ಬಿಗೆ ಹಾಕಿಟ್ಟಳು. ಯಾರದೋ ಮದುವೆಯ ಡಿಜೆ ಮನೆ ಮುಂದೆ ಹಾದುಹೋದಾಗ ಮಾತ್ರ ಎದೆಯ ಮೇಲೆ ಕೈಯಿಟ್ಟು, "ಏನೋ ಬಡೀಲತ್ತದ" ಅಂದಳು. ಇವನು ಅದನ್ನೇ ಹಿಡಿದುಕೊಂಡು ಅತ್ತಿಗೆಯಾದ ನನ್ನ ಮುಂದೆ ಬಂದು ನಿಂತ.

"ಕಿವಿಗಿ ಕೇಳದಿದ್ರ ಎದಿಗಿ ಕೇಳಸ್ತೀನಿ ವೈನಿ. ಆಕಿ ಮತ್ತ ತಾಳ ಹಿಡೀಬೇಕು."

"ಎದಿಗಿ ಕಿವಿ ಇರ್ತಾವೇನೋ, ಖೋಡಿ?"

ತಗ್ಗಿನ ದನಿ ಬೇಕೆಂದು ವಲಾಂಡಿಯ ನಮ್ಮ ಹೊಲಕ್ಕೆ ಹೋಗಿ ಎಮ್ಮೆಯ ಬಾಯಿಗೆ ಫೋನು ಹಿಡಿದ. ಅದು ತುಟಿ ಬಿಚ್ಚಲಿಲ್ಲ. ಹೊಲದ ಆಳು ಅದನ್ನು ನೋಡಿ, "ಸಾವ್ಕಾರ್ರೇ, ಆ ಕಡಿಂದ ಯಾರ್ ಮಾತಾಡ್ಲತ್ತಾರ್ರೀ?" ಎಂದು ಕೇಳಿದನಂತೆ. ಕರುವನ್ನು ಆಚೆ ಕಟ್ಟಿದ ಮೇಲೆ ಎಮ್ಮೆ ಒದರಿತು. ಆ ಬಡಪಾಯಿ ದನಿಯನ್ನು ಇವನು ಲ್ಯಾಪ್‌ಟಾಪಿನಲ್ಲಿ ಎಳೆದೆಳೆದು, ತಿರುವಿ, ಯಮನ ಕೋಣ ಮಾಡಿಟ್ಟ.

ಇನ್ನೊಂದು ದಿನ, "ತಡೀರಿ ವೈನಿ, ಈಗ ಡ್ರಾಪ್ ಬರತದ" ಅಂದ. ನಮ್ಮಲ್ಲಿ ಡ್ರಾಪ್ ಎಂದರೆ ಮೋಟರ್‌ಸೈಕಲ್ ಮೇಲೆ ಯಾರನ್ನಾದರೂ ತಂದು ಬಿಡುವುದು. ಬೀಗರು ಬರುತ್ತಾರೆಂದು ನಾನು ಚಹಕ್ಕೆ ನೀರು ಹೆಚ್ಚಿಗೆ ಇಟ್ಟೆ. ಲ್ಯಾಪ್‌ಟಾಪಿನ ಸಪ್ಪಳ ನಿಂತಿತು. ಉಸಿರು ಹಿಡಿದಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಧಡ್ ಎಂದು ಎಮ್ಮೆಯ ದನಿ ಬಿತ್ತು. ಅದೇ ಇವನ ಡ್ರಾಪ್ ಅಂತೆ. ಚಹ ನಾನೇ ಕುಡಿದೆ.

ಅನಾಹುತವಾದದ್ದು ಮಾತ್ರ ಇನ್ನೊಂದು ಮಾತಿನಿಂದ. ಚೆನ್ನಾಗಿದೆ ಎನ್ನಲು ನಾವು 'ಬೇಸ್ ಅದ' ಅನ್ನುತ್ತೇವೆ. ಇವನ ವಿದ್ಯೆಯಲ್ಲಿ ಆ ತಗ್ಗಿನ ಗುಡುಗಿಗೂ ಬೇಸ್ ಎಂದೇ ಹೆಸರಂತೆ. ನನಗೆ ಯಾರು ಹೇಳಬೇಕು? ಆ ಸೋಮವಾರ ಸಂಜೆ ಆಳೆತ್ತರದ ಸ್ಪೀಕರ್ ಡಬ್ಬ ತಂದು ನಡುಮನೆಯಲ್ಲಿ ನಿಲ್ಲಿಸಿ, ಹೆಂಡತಿಯನ್ನು ಅದಕ್ಕೆ ಬೆನ್ನು ಹಚ್ಚಿ ಕೂರಿಸಿದ. ಭಜನೆಯ ತಾಳವನ್ನೇ ಎಮ್ಮೆಯ ದನಿಯಲ್ಲಿ ಕೂಡಿಸಿದ್ದ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ.

"ವೈನಿ, ಬೇಸ್ ಅದ ಏನ್ರೀ?"

"ಬೇಸ್ ಇಲ್ಲ."

ಅವನು ಗುಂಡಿ ತಿರುವಿದ.

"ಈಗರೆ ಬೇಸ್ ಅದ?"

"ಸ್ವಲ್ಪನೂ ಬೇಸ್ ಇಲ್ಲೋ ಯಪ್ಪಾ."

ಮತ್ತೆ ತಿರುವಿದ.

"ನಿನ್ನ ಕೈ ಮುಗೀತೀನಿ, ಬೇಸ್ ಇಲ್ಲ, ಬೇಸ್ ಇಲ್ಲ!"

ಪೂರ್ತಿ ತಿರುವಿದ.

ಹಲಗೆಯ ಮೇಲಿನ ತಾಮ್ರದ ಕೊಡ ನಡುಗಿತು, ಸರಿಯಿತು, ಬಿತ್ತು. ಈ ಸೀಮೆಯಲ್ಲಿ ಪಾತ್ರೆ ಭಾಂಡೆ ಅಲುಗಿದರೆ ಯಾಕೆಂದು ಯಾರೂ ಕೇಳುತ್ತ ನಿಲ್ಲುವುದಿಲ್ಲ. ಹಿಂದಿನ ಭೂಕಂಪದಲ್ಲಿ ಭೂಮಿ ಊರು ನುಂಗಿದ್ದನ್ನು ಕಂಡವರು. ಪಕ್ಕದ ಮನೆಯಾಕೆ, "ಭೂಕಂಪ ಆಲಾ, ಬಾಹೇರ್ ಯಾ" ಎಂದು ಮರಾಠಿಯಲ್ಲಿ ಒದರಿ ಎಲ್ಲರನ್ನೂ ಹೊರಗೆ ಕರೆದಳು. ಮನೆಗಳು ಖಾಲಿಯಾಗಿ ಓಣಿ ತುಂಬಿತು. ಒಬ್ಬನ ಅರ್ಧ ಮುಖಕ್ಕೆ ಸಾಬೂನು, ನನ್ನ ಕೈಯಲ್ಲಿ ಹಸಿ ರೊಟ್ಟಿ. ಆ ಕೂಗು ಕೇಳಿ ನನ್ನ ಮೈದುನನೂ ಓಡಿಬಂದಿದ್ದ! ತಾನೇ ಮಾಡಿದ ಭೂಕಂಪಕ್ಕೆ ತಾನೇ ಹೆದರಿದವನನ್ನು ಎಲ್ಲಿಯಾದರೂ ಕಂಡಿದ್ದೀರಾ?

"ಆಕಿ ಎಲ್ಲಿ?" ಅಂದೆ. ಅವನು ಗುಂಪಿನಲ್ಲಿ ಒಂದೊಂದೇ ಮುಖ ಹುಡುಕತೊಡಗಿದ.

ನಾನೇ ಒಳಗೆ ಹೋದೆ. ನೆಲ ಗಟ್ಟಿಯಾಗಿಯೇ ಇತ್ತು, ನಡುಗುತ್ತಿದ್ದದ್ದು ಡಬ್ಬ. ಅದಕ್ಕೆ ಬೆನ್ನು ಹಚ್ಚಿ, ಕಣ್ಣು ಮುಚ್ಚಿ ಆಕೆ ಕೂತಿದ್ದಳು. ತುಟಿಗಳು ಅಲುಗುತ್ತಿದ್ದವು. ಅಂಗೈ ಮೊಣಕಾಲಿನ ಮೇಲೆ ಬೀಳುತ್ತಿತ್ತು, ಏಳುತ್ತಿತ್ತು, ಬೀಳುತ್ತಿತ್ತು. ನಾನು ನಿಂತಷ್ಟು ಹೊತ್ತೂ ತಾಳ ತಪ್ಪಲಿಲ್ಲ. ಭುಜ ಮುಟ್ಟಿದೆ. ಕಣ್ಣು ತೆರೆದು, ಕಿವಿ ಕೇಳದವರ ದೊಡ್ಡ ದನಿಯಲ್ಲಿ ಅಂದಳು:

"ಅಕ್ಕಾ, ಬೇಸ್ ಅದ."

ಯಾವ ಬೇಸ್ ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹಲಗೆಯ ಮೇಲಿನ ಕೊಡ, ಹಂಡೆ, ತಟ್ಟೆ ಎಲ್ಲ ನೆಲಕ್ಕೆ ಇಳಿಸಿದೆ. ಆಮೇಲೆ ಪಕ್ಕದ ಮನೆಗೆ ಹೋಗಿ, "ನಿಮ್ಮ ಭಾಂಡೆನೂ ಕೆಳಗ ಇಡ್ರಿ" ಅಂದೆ.